ಶುಕ್ರವಾರದ ಕಾಲು ಸೂಪು

ನಮ್ಮತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಾಗ ನಾವು ಚಾಮರಾಜಪೇಟೆಯ ವಠಾರದಲ್ಲಿದ್ದೆವು. ತೊಂಬತ್ತನೇ ಇಸವಿಯ ಈಚೆಗೆ. ಹಾಸಿಗೆ ಹಾಕಿದ್ದು ನಮ್ಮ ಒಂದೂವರೆ ರೂಮಿನಲ್ಲಿ. ದೊಡ್ಡ ಸೊಸೆ, ಅಂದರೆ ನನ್ನ ಓರಗಿತ್ತಿ, ಶೇಷಾದ್ರಿಪುರದಲ್ಲಿ ಸ್ವಂತ ಮನೆಯಲ್ಲಿದ್ದಳು. ಅವಳಿಗೆ ಜಾಗ ಸಾಲದಂತೆ.

ಅಲ್ಲಿವರೆಗೂ ತಲೆ ಹಾಕದವಳು ಬೂದಿ ಬುಧವಾರ ಬಂದಳು, ಹಣೆ ಮೇಲಿನ ಬೂದಿಯ ಸಮೇತ. ಜತೆಗೆ ಚರ್ಚಿನ ಹೆಂಗಸರ ಸಂಘದವರು ಇಬ್ಬರು. ಅವತ್ತು ಶುರುವಾಗಿ ಈಸ್ಟರ್‌ವರೆಗಿನ ನಲವತ್ತು ದಿನದ ತಪಸ್ಸುಕಾಲದಲ್ಲಿ ಪ್ರಾರ್ಥನೆ, ಉಪವಾಸ, ಸೇವೆ ಮೂರೂ ಆಗಬೇಕು ಅಂತ ಪಾದ್ರಿಗಳು ಹೇಳಿದ್ದರಲ್ಲ, ಸೇವೆಗೆ ಅವಳಿಗೆ ಸಿಕ್ಕಿದ್ದು ಅತ್ತೆ. ನಾನು ದಿನಾ ಹೇಲು ಉಚ್ಚೆ ಬಳಿದರೆ ಅದು ಮನೆಗೆಲಸ. ಅವಳು ಶುಕ್ರವಾರ ಶುಕ್ರವಾರ ಬಂದು ಮುದುಕಿಯ ಪಾದ ಒರೆಸಿ, ಮಂಚದ ಪಕ್ಕ ಮಂಡಿಯೂರಿ ಜಪಸರ ಹೇಳಿದರೆ ಸೇವೆ. ಸಂಘದವರು ಕಣ್ಣೊರೆಸಿಕೊಂಡರು. ನಾನು ಅವರ ಕಾಫಿ ಲೋಟ ತೊಳೆದೆ.

ಮೈಯಲ್ಲಿ ಶಕ್ತಿ ಇಲ್ಲ, ಕಾಲು ಸೂಪು ಕೊಡಿ ಅಂತ ಡಾಕ್ಟರು ಹೇಳಿದ್ದರು. ತಪಸ್ಸುಕಾಲ ಅಂದರೆ ನಮ್ಮಲ್ಲಿ ಮಾಂಸದ ಪಾತ್ರೆಯನ್ನೇ ಉಜ್ಜಿ ಅಟ್ಟಕ್ಕೆ ಹಾಕಿಬಿಡುವುದು. ಈಸ್ಟರ್ ತನಕ ಮುಟ್ಟುವ ಹಾಗಿಲ್ಲ, ಅದರಲ್ಲೂ ಶುಕ್ರವಾರ ಇಲ್ಲವೇ ಇಲ್ಲ. ನಾನು ತೆಗೆದೆ. ಮುದುಕಿಗೆ ಅನ್ನ ಸೇರುತ್ತಿರಲಿಲ್ಲ, ಆ ಸೂಪೊಂದೇ ಹೊಟ್ಟೆಗೆ ಹೋಗುತ್ತಿದ್ದದ್ದು.

ಮುಂದಿನ ಶುಕ್ರವಾರ ಓರಗಿತ್ತಿ ಹೊಸಲು ದಾಟಿದವಳೇ ಮೂಗು ಮುಚ್ಚಿಕೊಂಡಳು.

"ಏನೇ ಇದು ವಾಸನೆ? ಶುಕ್ರವಾರ ಕಣೇ ಇವತ್ತು!"

"ಅತ್ತೆಗೆ ಅಕ್ಕ. ಡಾಕ್ಟ್ರು ಹೇಳಿದಾರೆ."

"ಡಾಕ್ಟ್ರು ಬಂದು ಮೋಕ್ಷದ ಬಾಗಿಲು ತೆಗೀತಾರಾ? ಸಾಯೋ ಕಾಲದಲ್ಲಿ ಅವರ ಬಾಯಿಗೆ ಪಾಪ ಹುಯ್ತಿದೀಯಲ್ಲೇ!"

ಮಂಚದವರೆಗೂ ಕೇಳುವ ಹಾಗೆ ಹೇಳಿ, ಬಟ್ಟಲು ಎತ್ತಿಕೊಂಡು ಹೋಗಿ ಬಚ್ಚಲಿಗೆ ಸುರಿದಳು.

ಅವತ್ತಿನಿಂದ ಅತ್ತೆ ಬಾಯಿ ಬಿಗಿದರು. ಶುಕ್ರವಾರ ಮಾತ್ರ ಅಲ್ಲ, ದಿನಾ. ಚಮಚ ಹತ್ತಿರ ತಂದರೆ ಗೋಡೆ ಕಡೆ ಮುಖ. "ನರಕಕ್ಕೆ ಕಳಿಸ್ಬೇಡ ಕಣೇ ನನ್ನ." ಕೈಕಾಲು ಕಡ್ಡಿಯಾಯಿತು. ಹೀಗೇ ಬಿಟ್ಟರೆ ಈಸ್ಟರ್‌ಗೆ ಮುದುಕಿ ಇರುವುದಿಲ್ಲ ಅಂತ ಗೊತ್ತಾಗಿ ಪಾದ್ರಿಗಳ ಹತ್ತಿರ ಹೋದೆ.

ಅವರು ನಕ್ಕರು. "ಕಾಯಿಲೆಯವರಿಗೆ, ವಯಸ್ಸಾದವರಿಗೆ ಉಪವಾಸ ಇಲ್ಲಮ್ಮ. ಯಾರು ಹೇಳಿದ್ದು ನಿಮಗೆ?"

ನಗುವಂಥದ್ದು ಏನಿತ್ತೋ. "ಯಾರು ಹೇಳಿದ್ರು ಅಂತ ನೋಡೋಕೆ ಶುಕ್ರವಾರ ನೀವೇ ಬನ್ನಿ ಫಾದರ್. ನನ್ನ ಮಾತು ಅತ್ತೆ ನಂಬಲ್ಲ" ಅಂದೆ.

ಬಂದರು. ಓರಗಿತ್ತಿ, ಸಂಘದವರು ಮಂಡಿಯೂರಿ ಕೂತಿದ್ದರು. ಪಾದ್ರಿಗಳು ಅತ್ತೆಯ ಕಿವಿ ಹತ್ತಿರ ಬಾಗಿ, "ಕುಡೀರಿ ತಾಯಿ, ಪಾಪ ಇಲ್ಲ" ಅಂತ ಗಟ್ಟಿಯಾಗಿ ಹೇಳಿದರು. ಅತ್ತೆ ಅವರ ಮುಖ ನೋಡಲಿಲ್ಲ, ದೊಡ್ಡ ಸೊಸೆಯ ಮುಖ ನೋಡಿದರು. ಅಪ್ಪಣೆ ಬೇಕಾಗಿದ್ದು ಅವಳದ್ದು.

ನಾನು ಬಟ್ಟಲು ತಂದು ಅವಳ ಕೈಗಿಟ್ಟೆ.

"ಸೇವೆ ಮಾಡೋಕೆ ಬಂದಿದೀರಲ್ಲ ಅಕ್ಕ. ಕುಡಿಸಿ."

ಪಾದ್ರಿಗಳನ್ನು ನೋಡಿದಳು, ಸಂಘದವರನ್ನು ನೋಡಿದಳು. ಜಪಸರ ಬದಿಗಿಟ್ಟು, ಉಸಿರು ಬಿಗಿಹಿಡಿದು, ಒಂದೊಂದೇ ಚಮಚ ಕುಡಿಸಿದಳು. ಅತ್ತೆ ಬಟ್ಟಲು ಖಾಲಿ ಮಾಡಿದರು.

"ನಿನ್ನ ಕೈರುಚಿಯೇ ಬೇರೆ ಕಣಮ್ಮ" ಅಂದರು. ಅವಳಿಗೆ! ಬೆಳಗಿನಿಂದ ಒಲೆ ಮುಂದೆ ನಿಂತು ಕಾಲು ಬೇಯಿಸಿದ್ದು ನಾನು.

ಮರುವಾರ ಓರಗಿತ್ತಿ ಬರಲಿಲ್ಲ. ಬರದಿದ್ದರೂ ಅತ್ತೆ ನನ್ನ ಚಮಚಕ್ಕೆ ಬಾಯಿ ತೆಗೆದರು, ಅಷ್ಟು ಸಾಕಾಯಿತು. ಉಳಿದರು. ಇನ್ನೂ ಎರಡು ತಪಸ್ಸುಕಾಲ ಕಂಡರು. ಸಾಯುವವರೆಗೂ ನೋಡಲು ಬಂದವರಿಗೆಲ್ಲ ಹೇಳಿದ್ದು ಒಂದೇ, ದೊಡ್ಡ ಸೊಸೆ ಸೂಪು ಕುಡಿಸಿ ನನ್ನ ಉಳಿಸಿದಳು ಅಂತ. ಅಲ್ಲ ಅತ್ತೆ, ಅದು ಇವಳು ಮಾಡಿದ್ದು ಅಂತ ಒಂದು ಮಾತು ಓರಗಿತ್ತಿಯ ಬಾಯಿಂದ ಬರಲಿಲ್ಲ. ಅವಳ ಮನೆಗೆ ಸಾವಿಗೋ ಮದುವೆಗೋ ಹೋದರೆ ನಾನು ಇವತ್ತಿಗೂ ನೀರು ಮುಟ್ಟುವುದಿಲ್ಲ.