ಹಳಿಯ ಮೇಲೆ ಪಾದ

ನಾಗವ್ವ ಹುಟ್ಟಿದ್ದು ಗದಗಿನ ಆಚೆ, ಎರೆಹೊಲಗಳ ನಡುವಿನ ಒಂದು ಸಣ್ಣ ಸ್ಟೇಷನ್ನಿನಲ್ಲಿ. ಅಪ್ಪನಿಗೆ ಹಳಿ ರಿಪೇರಿಯ ಕೆಲಸ. ನಾಲ್ಕು ಕ್ವಾರ್ಟರ್ಸು, ಒಂದು ಬೇವಿನ ಗಿಡ, ಉಳಿದದ್ದೆಲ್ಲ ಬಯಲು. ಉಗಿಬಂಡಿ ಹೋದ ಮೇಲೆ ಮಕ್ಕಳು ಹಳಿಗಳ ನಡುವೆ ಕೂತು ಅರೆಸುಟ್ಟ ಇದ್ದಲಿ ಆರಿಸುತ್ತಿದ್ದರು. ಮನೆಯ ಒಲೆ ಉರಿಯುತ್ತಿದ್ದುದೇ ಅದರಿಂದ. ನಾಗವ್ವ ಆರಿಸುವಂತಿರಲಿಲ್ಲ. ಅವಳ ಕೆಲಸ ಬರಿಗಾಲನ್ನು ಹಳಿಯ ಮೇಲಿಟ್ಟು ನಿಲ್ಲುವುದು. ಬಂಡಿ ಕಣ್ಣಿಗೆ ಬೀಳುವ ಮೊದಲೇ ಹಳಿ ಜುಮ್ಮೆನ್ನುತ್ತಿತ್ತು. ಆಗ "ಬಂತು, ಏಳ್ರೋ!" ಎಂದು ಕೂಗಬೇಕು.

ತಮ್ಮ ಶಿವರುದ್ರಪ್ಪ ಕೆಣಕುತ್ತಿದ್ದ. "ಅಕ್ಕಗ ನಿದ್ದಿ ಬಂದದ. ಇವತ್ತ ನಾವೆಲ್ಲಾ ಚಟ್ನಿ!"

ಉಳಿದವರು ನಗುತ್ತಿದ್ದರು. ಅವಳು ಪಾದವನ್ನು ಇನ್ನಷ್ಟು ಒತ್ತಿ ನಿಲ್ಲುತ್ತಿದ್ದಳು. ತಾನು ತಪ್ಪಿದರೆ ಇವರು ಸಾಯುತ್ತಾರೆ. ಆ ವಯಸ್ಸಿಗೆ ಅವಳಿಗೆ ಅದೊಂದೇ ಗೊತ್ತಿತ್ತು. ಒಮ್ಮೆಯೂ ತಪ್ಪಲಿಲ್ಲ.

ಗಂಡ ತೀರಿಕೊಂಡ ಮೇಲೆ ಮಗಳು ಮಾಧುರಿ ಅವಳನ್ನು ಪರದೇಶದ ತನ್ನ ಊರು ಕ್ಯಾಂಪ್‌ಬೆಲ್‌ಗೆ ಕರೆದುಕೊಂಡು ಬಂದಳು. ಮನೆ ದೊಡ್ಡದು, ಹಗಲು ಇನ್ನೂ ದೊಡ್ಡದು. ಮೊಮ್ಮಗಳು ಇಂದುವನ್ನು ಡೇಕೇರಿನಿಂದ ನಡೆಸಿಕೊಂಡು ಬರುವುದೊಂದೇ ಅವಳ ಪಾಲಿನ ಕೆಲಸ. ಆ ಹೊತ್ತಿಗಾಗಿಯೇ ಬೆಳಿಗ್ಗೆ ಏಳುತ್ತಿದ್ದಳು.

ದಾರಿಯಲ್ಲಿ ರೈಲುಹಳಿ ದಾಟಬೇಕು. ಮೊನ್ನೆ ಅಲ್ಲೇ ಇಂದುವಿನ ಕೈಯ ಡಬ್ಬಿ ಬಾಯ್ತೆರೆದು ಬಣ್ಣದ ಮಣಿಗಳೆಲ್ಲ ಚೆಲ್ಲಿದವು. ಮಗು ಕುಕ್ಕರಗಾಲಲ್ಲಿ ಕೂತು ಆರಿಸತೊಡಗಿತು.

"ಏಳವ್ವಾ, ಬ್ಯಾರೆ ಕೊಡಸ್ತೀನಿ."

"ನೋ ಅಜ್ಜಿ! ಒನ್ ಮಿನಿಟ್!"

ಎಳೆದುಕೊಂಡು ಹೋಗಬೇಕಿತ್ತು. ನಾಗವ್ವ ಎಳೆಯಲಿಲ್ಲ. ಚಪ್ಪಲಿ ಕಳಚಿ ಪಾದವನ್ನು ಹಳಿಯ ಮೇಲಿಟ್ಟಳು. ಹಳಿ ಸುಮ್ಮನಿತ್ತು.

"ಆರಿಸ್ಕೋ, ಲಗೂನ," ಅಂದಳು.

ತಿರುವಿನ ಆಚೆ, ಸ್ಟೇಷನ್ನಿನಲ್ಲಿ ರೈಲು ನಿಂತಿತ್ತು. ನಿಂತ ರೈಲು ಹಳಿಯನ್ನು ಅಲುಗಿಸುವುದಿಲ್ಲ. ಊರಿನ ಇಂಜಿನ್ನು ನಿಂತಲ್ಲೂ ಬುಸುಗುಟ್ಟಿ ತಾನಿದ್ದೇನೆ ಎಂದು ಹೇಳುತ್ತಿತ್ತು. ಈ ಕರೆಂಟಿನ ರೈಲಿಗೆ ಉಸಿರೇ ಇಲ್ಲ.

ದಾರಿಬದಿಯ ಕಂಬದ ಗಂಟೆ ಟಣಟಣ ಬಡಿಯಿತು. ತಲೆಯೆತ್ತಿದರೆ ರೈಲಿನ ಮೂತಿ ಅಲ್ಲೇ. ಕೂಗುವಷ್ಟು ಹೊತ್ತಿರಲಿಲ್ಲ. ಮಗುವಿನ ಮುಂಗೈ ಸಿಕ್ಕಿತು. ಜಗ್ಗಿದಳು. ಇಬ್ಬರೂ ಆಚೆ ಬಿದ್ದರು. ಬೆನ್ನ ಹಿಂದೆ ರೈಲು ದಾಟಿ ಹೋಯಿತು.

ಮನೆ ಮುಟ್ಟುವವರೆಗೆ ಹಿಡಿದ ಕೈ ಬಿಡಲಿಲ್ಲ. ಮಗು ಅತ್ತರೂ ಬಿಡಲಿಲ್ಲ.

ಸಂಜೆ ಮಾಧುರಿ ಮಗುವಿನ ಮುಂಗೈ ನೋಡಿದಳು. "ಇದೇನವ್ವಾ, ಬೆರಳು ಮೂಡ್ಯಾವಲ್ಲ?"

ಆಡುವಾಗ ಬಿದ್ದಳು ಎಂದರೆ ಸಾಕಿತ್ತು. ಆದರೆ ನಾಳೆ ಮತ್ತೆ ಆ ಹಳಿ ದಾಟಬೇಕಲ್ಲ. ನಾಗವ್ವ ಎಲ್ಲ ಹೇಳಿಬಿಟ್ಟಳು.

ಮಾಧುರಿ ಮಗುವಿನ ಮುಂಗೈಗೆ ಎಣ್ಣೆ ಸವರಿದಳು. ಆಮೇಲೆ, "ನಾಳಿಯಿಂದ ನಾನ ಕರ್ಕೊಂಡು ಬರ್ತೀನಿ. ಮೀಟಿಂಗು ಇದ್ರೂ ಬರ್ತೀನಿ," ಅಂದಳು.

"ನೀ ಹೇಳದಿದ್ರ ನಾನ ಹೇಳಾಕಿದ್ದೆ," ಅಂದಳು ನಾಗವ್ವ.

ಮೊಮ್ಮಗಳು ಓಡಿಬಂದು ಅಜ್ಜಿಯ ತೊಡೆ ಏರಲು ನೋಡಿದಳು. ನಾಗವ್ವ ಕೈ ಚಾಚಲಿಲ್ಲ. ಎರಡೂ ಕೈಗಳನ್ನು ಸೆರಗಿನೊಳಗೆ ಅಡಗಿಸಿಕೊಂಡು, "ನಿಮ್ಮವ್ವನ ಕಡೆ ಹೋಗು," ಅಂದಳು.