ಕೆಮ್ಮಣ್ಣಿನ ಗೋಡೆ ಹತ್ತಿದ ಬೆರಳುಗಳು

ಹುಬ್ಬಳ್ಳಿಯಲ್ಲಿ ಬಲ ಎದೆಯ ಗಡ್ಡೆಯ ಆಪರೇಷನ್ ಮುಗಿಸಿ ನಾನು ಸಿದ್ದಾಪುರದ ಮನೆಗೆ ಬಂದಾಗ, ನೋಡಲು ಬಂದವರೆಲ್ಲ ಜೀವದ ಮಾತಾಡಿದರು. ಅಣ್ಣನ ಮಗಳು ಮಾತ್ರ ಮೆಲ್ಲಗೆ ಕೇಳಿದಳು: "ಅತ್ತೆ, ನನ್ನ ಮದುವೆ ಹಸೆ ಯಾರು ಬರೀತಾರೆ?"

ನಮ್ಮಲ್ಲಿ ಮದುವೆ ಮನೆಯ ಗೋಡೆಗೆ ಕೆಮ್ಮಣ್ಣು ಬಳಿದು, ಅಕ್ಕಿ ಅರೆದ ಬಿಳಿಯಲ್ಲಿ ಪುಂಡಿ ನಾರಿನ ಕುಂಚ ಅದ್ದಿ ಹಸೆ ಚಿತ್ತಾರ ಬರೆಯುತ್ತಾರೆ. ಮದುಮಕ್ಕಳು ಕೂರುವುದು ಅದರ ಮುಂದೆಯೇ. ಅವ್ವನ ಕೈ ನಡುಗತೊಡಗಿದ ಮೇಲೆ ಮನೆಯ ಹಸೆಗಳೆಲ್ಲ ನನ್ನ ಪಾಲಿಗೆ ಬಂದಿದ್ದವು. ಮೇಲಂಚಿನ ಎಳೆ ನನ್ನ ತಲೆಗಿಂತ ಎತ್ತರದಲ್ಲಿ ಬರುತ್ತದೆ. ಆಗಲೋ, ತಲೆ ಬಾಚಿಕೊಳ್ಳಲೂ ಬಲಗೈ ಏಳುತ್ತಿರಲಿಲ್ಲ. ಆದರೂ ಬಾಯಿ ಹೇಳಿಬಿಟ್ಟಿತು: "ನಾನೇ ಬರೀತೀನಿ!"

ಆಸ್ಪತ್ರೆಯಲ್ಲಿ ವ್ಯಾಯಾಮ ಕಲಿಸಿದ ಡಾಕ್ಟರಮ್ಮ ಆತುರ ಬೇಡವೆಂದಿದ್ದರು. ಮೊದಲು ಭುಜ ಸಡಿಲಬಿಟ್ಟು ತಿರುಗಿಸುವುದು, ಮಲಗಿಕೊಂಡು ಎರಡೂ ಕೈಯಲ್ಲಿ ಕೋಲು ಹಿಡಿದು ಮೆಲ್ಲಗೆ ಎತ್ತುವುದು. ಗಾಯ ಮಾಗಿ ಅವರು ಹೂಂ ಎಂದ ಮೇಲೆ, ಗೋಡೆಗೆ ಮುಖಮಾಡಿ ನಿಂತು ಬೆರಳುಗಳನ್ನು ಇರುವೆಯಂತೆ ಮೇಲಕ್ಕೆ ನಡೆಸುವುದು. "ಜಗ್ಗಿದಂಗಾದ್ರ ಅಲ್ಲೇ ನಿಂದರ್ರಿ, ಉಸಿರು ಬಿಡ್ರಿ. ನೋವಾದ್ರ ಇಳಿಸ್ರಿ. ಬೆರಳಷ್ಟ ಗೋಡೆ ಹತ್ಲಿ ಅಕ್ಕಾರ, ನೀವು ಹತ್ತಬ್ಯಾಡ್ರಿ!"

ಆ ಕೊನೆಯ ಮಾತು ನನಗೆಂದೇ ಹೇಳಿದ್ದಿರಬೇಕು. ಅವ್ವ ನನ್ನ ಬೆರಳು ಮುಟ್ಟಿದಲ್ಲೆಲ್ಲ ಜಗುಲಿಯ ಗೋಡೆಗೆ ಅಕ್ಕಿಹಿಟ್ಟಿನ ಚುಕ್ಕೆ ಇಡುತ್ತಿದ್ದಳು. ಹೊಸ ಚುಕ್ಕೆಯ ಆಸೆಗೆ ನನ್ನ ಹಿಮ್ಮಡಿ ತಾನಾಗಿ ಏಳುತ್ತಿತ್ತು.

"ಹಿಮ್ಮಡಿ ಇಳ್ಸೆ! ಗೋಡೆಗೆ ಮೋಸ ಮಾಡು, ನಂಗೆ ಮಾಡ್ಬ್ಯಾಡ."

"ಸ್ಟೂಲ್ ಹಾಕ್ಕೊಂಡು ಬರೆದ್ರೆ ಆಗಲ್ವನೇ ಅಜ್ಜಿ?" ಎಂದಳು ಮದುಮಗಳು.

"ಸ್ಟೂಲ್ ಹಾಕಿದ್ರೆ ಇವ್ಳು ಎತ್ತರ ಆಗ್ತಾಳೆ. ಕೈ ಎಂತ ಎತ್ತರ ಆಗ್ತದೆ?"

ಕೆಲವು ದಿನ ಚುಕ್ಕೆ ಇದ್ದಲ್ಲೇ ಇರುತ್ತಿತ್ತು. ಒಮ್ಮೆ ಕೆಳಗೂ ಇಳಿಯಿತು. ಆ ದಿನ ಅತ್ತುಬಿಟ್ಟೆ. ಅವ್ವ ಹಿಟ್ಟಿನ ಬಟ್ಟಲು ಹಿಡಿದು ಪಕ್ಕದಲ್ಲಿ ಕೂತಳು. ಮರುದಿನ ಮತ್ತೆ ಗೋಡೆ ಮುಂದೆ ನಿಲ್ಲಿಸಿದಳು.

ಹಸೆ ಬರೆಯುವ ದಿನ ಅದೇ ಜಗುಲಿಯ ಗೋಡೆಗೆ ಹೊಸ ಕೆಮ್ಮಣ್ಣು ಬಳಿದರು. ಚುಕ್ಕೆಗಳೆಲ್ಲ ಮುಚ್ಚಿಹೋದವು. ಕೈ ಎಲ್ಲಿಯವರೆಗೆ ಬಂತೆಂದು ಹೇಳುವ ಗುರುತೇ ಇಲ್ಲ! ಗೋಡೆ ಎದುರು ನಿಂತೆ ನೋಡಿ, ಬೆರಳುಗಳಿಗೆ ಅಭ್ಯಾಸಬಲ. ಕುಂಚ ಹಿಡಿಯುವ ಮೊದಲೇ ಹಸಿ ಕೆಮ್ಮಣ್ಣಿನ ಮೇಲೆ ನಡೆದೇಬಿಟ್ಟವು.

"ಅಯ್ಯಯ್ಯೋ ಅತ್ತೆ, ಗೋಡೆ!" ಎಂದು ಹುಡುಗಿ ಕೂಗಿದಾಗಲೇ ನನಗೆ ಎಚ್ಚರ. ಕೋಳಿ ಓಡಾಡಿದಂತೆ ಹೆಜ್ಜೆ ಗುರುತು ಮೂಡಿ ಗೋಡೆ ಹಾಳಾಗಿತ್ತು. ಬೈಗುಳಕ್ಕೆ ಕಾಯುತ್ತ ಕಣ್ಣೆತ್ತಿ ನೋಡಿದೆ. ಗುರುತುಗಳು ಮೇಲಂಚು ಬರಬೇಕಾದ ಜಾಗವನ್ನೂ ದಾಟಿ ಹೋಗಿದ್ದವು!

ಅವ್ವ ಗೋಡೆ ನೋಡಲಿಲ್ಲ, ಬಗ್ಗಿ ನನ್ನ ಕಾಲು ನೋಡುತ್ತಿದ್ದಳು.

"ಹಿಮ್ಮಡಿ ನೆಲದಾಗೇ ಅದೆ" ಎಂದವಳು, ಸೆರಗಿನಿಂದ ಮೂಗೊರೆಸಿಕೊಂಡು ಮೊಮ್ಮಗಳ ಕಡೆ ತಿರುಗಿದಳು. "ಎಂತ ನೋಡ್ತೀಯೆ? ಕೆಮ್ಮಣ್ಣು ಕಲಸು. ಇನ್ನೊಂದ್ಸಲ ಬಳಿಯೋಣ. ನಿನ್ನ ಅತ್ತೆ ಬರೀತಾಳೆ."