ಮುಖವಾಡದ ಮುಂದೆ ಮೈಸೂರು ಪೇಟ

ಬೆಳಿಗ್ಗೆ ಆರು ಗಂಟೆಗೆ ಆಕಾಶ ಮಾತನಾಡಿತು.

ನಾನು ಧಡಕ್ಕನೆ ಎದ್ದು ಕುಳಿತೆ. ಹುಲ್ಲುಚಾಪೆಯ ಮೇಲೆ ಹಾಸಿದ ಗಾದಿ, ಕಾಗದ ಅಂಟಿಸಿದ ಜಾರುಬಾಗಿಲು, ಅದರಾಚೆ ಬೆಟ್ಟ, ಬೆಟ್ಟದ ತುಂಬ ಮಂಜು. ಆ ಮಂಜಿನೊಳಗಿಂದ ಒಬ್ಬ ಹೆಂಗಸಿನ ಶಾಂತವಾದ ಧ್ವನಿ ಇಡೀ ಕಣಿವೆಗೆ ಏನನ್ನೋ ತಿಳಿಸುತ್ತಿತ್ತು. ಅಡುಗೆಮನೆಯಲ್ಲಿ ವಸುಧಾ ನಿರಾಳವಾಗಿ ಕಾಫಿ ಬೆರೆಸುತ್ತಿದ್ದಳು.

"ಊರಿನ ಸ್ಪೀಕರ್ ಕಣೇ, ಹೆದರಬೇಡ. ಮೇಲಿನ ಗುಡಿ ಹತ್ರ ಕರಡಿ ಓಡಾಡ್ತಿದೆಯಂತೆ. ಬೆಟ್ಟ ಹತ್ತೋರು ಗಂಟೆ ಕಟ್ಟಿಕೊಂಡು ಹೋಗಿ ಅಂತ."

"ಕೊನೇಲಿ ನಿನ್ನ ಹೆಸರು ಬಂತಲ್ಲ?"

"ಮಧ್ಯಾಹ್ನ ಪ್ರಾಕ್ಟೀಸಿಗೆ ವಸು ಬರ್ತಾಳೆ, ಯಾರೂ ಲೇಟ್ ಮಾಡಬೇಡಿ ಅಂತ. ಹೋದ ತಿಂಗಳು ನನ್ನ ಕೊಡೆ ಕಳೆದಿದ್ದೂ ಅನೌನ್ಸ್ ಆಯ್ತು. ಮಾನ ಹೋಯ್ತು ಅಂದುಕೋ."

ಅವಳು ನಕ್ಕಳು, ನನಗೆ ನಗು ಬರಲಿಲ್ಲ. ನ್ಯೂಜೆರ್ಸಿಯ ಮನ್ರೋದಲ್ಲಿ ನಾನು ಹದಿನಾರು ವರ್ಷಗಳಿಂದ ನೆಲೆಸಿದ್ದೇನೆ. ನಮ್ಮ ಬೀದಿಯ ಮನೆಗಳೆಲ್ಲ ಒಂದೇ ಬಣ್ಣ, ಹುಲ್ಲೆಲ್ಲ ಒಂದೇ ಎತ್ತರ. ಅಲ್ಲಿ ಯಾರೂ ನನ್ನ ಹೆಸರನ್ನು ಗಟ್ಟಿಯಾಗಿ ಕೂಗಿದ್ದು ನೆನಪಿಲ್ಲ. ಕಳೆದುಹೋದ ಕೊಡೆಯ ನೆಪದಲ್ಲಿ ಒಂದು ಊರು ತನ್ನ ಹೆಸರನ್ನು ಉಚ್ಚರಿಸುವುದು ಎಂಥ ಸಂಪತ್ತು ಎಂಬುದು ಅದನ್ನು ಪಡೆದವಳಿಗೇ ತಿಳಿದಿರಲಿಲ್ಲ.

ವಸುಧಾ ಮೈಸೂರಿನ ಕಾಲೇಜಿನಲ್ಲಿ ನನ್ನ ಚರ್ಚಾಸ್ಪರ್ಧೆಯ ಜೊತೆಗಾತಿ. ನಮ್ಮ ತಂಡದಲ್ಲಿ ನಾನು ವಿಷಯದ ಪರ, ಅವಳು ವಿರೋಧ. ಪರ್ಯಾಯ ಪಾರಿತೋಷಕ ನಮ್ಮಿಬ್ಬರಿಗೂ ಸೇರಿ ಬರುತ್ತಿತ್ತು, ಆದರೆ ವೈಯಕ್ತಿಕ ಪ್ರಥಮ ಸ್ಥಾನ ಸದಾ ನನ್ನದಾಗಿತ್ತು. ನಾನು ನ್ಯೂಜೆರ್ಸಿಯ ಪಿಸ್ಕಾಟವೇಯ ಟೆಲಿಕಾಂ ಕಚೇರಿಗೆ ಬಂದೆ. ಅವಳು ಎರಡು ವರ್ಷದ ಕರಾರಿನ ಮೇಲೆ ಜಪಾನಿನ ಈ ಬೆಟ್ಟದೂರಿನ ಶಾಲೆಗೆ ಇಂಗ್ಲಿಷ್ ಕಲಿಸಲು ಹೋದಳು. ಎರಡು ವರ್ಷ ಹನ್ನೊಂದಾಗಿದೆ. "ಚಾರಣಕ್ಕೆ ಬಾ, ಕಾಗುರಾ ನೋಡು" ಎಂದು ಅವಳು ಪ್ರತಿ ವರ್ಷ ಕರೆಯುತ್ತಿದ್ದಳು. ಕಾಗುರಾ ಎಂದರೆ ಸುಗ್ಗಿ ಮುಗಿದ ಮೇಲೆ, ದೇವರ ಎದುರು, ಮುಖವಾಡ ಧರಿಸಿ ಮಾಡುವ ಕುಣಿತ. ಈ ನವೆಂಬರಿನಲ್ಲಿ ನಾನು ಹೋಗಲು ಒಂದು ವಿಶೇಷ ಕಾರಣವಿತ್ತು. ಆ ಊರಿನ ಬೆಟ್ಟದಮ್ಮನ ಮುಖವಾಡವನ್ನು ಮೊದಲ ಬಾರಿಗೆ ಒಬ್ಬ ಹೆಂಗಸು, ಅದೂ ಪರಊರಿನವಳು, ಧರಿಸುವವಳಿದ್ದಳು. ಆ ಹೆಂಗಸು ವಸುಧಾ.

ಮೊದಲ ದಿನ ಬೆಟ್ಟ ಹತ್ತಿದೆವು. ನ್ಯೂಜೆರ್ಸಿಯಲ್ಲೂ ನಾವು ಹೈಕ್ ಮಾಡುತ್ತೇವೆ. ಇಪ್ಪತ್ತು ಜನ, ಹನ್ನೆರಡು ಕಾರು, ಪುಳಿಯೋಗರೆಯ ಡಬ್ಬ, ಮೇಲೆ ತಲುಪಿದೊಡನೆ ಗ್ರೂಪ್ ಫೋಟೋ. ಇಳಿದ ಮೇಲೆ ಬೆಟ್ಟದ ಹೆಸರನ್ನು ಫೋನಿನಲ್ಲಿ ಹುಡುಕಿ ನೋಡಬೇಕು. ಇಲ್ಲಿ ವಸು ಸೊಂಟದ ಗಂಟೆಯನ್ನು ಕಿಣಿಕಿಣಿ ಎನ್ನಿಸುತ್ತ, ಒಂದೊಂದು ಬಂಡೆಯನ್ನೂ ನೆಂಟರನ್ನು ಪರಿಚಯಿಸುವಂತೆ ಪರಿಚಯಿಸುತ್ತಿದ್ದಳು. ದೇವದಾರಿನಂಥ ನೇರ ಮರಗಳ ನಡುವೆ ನಾನು ಏದುಸಿರು ಬಿಡುತ್ತಲೇ ಪ್ರಶ್ನೆಗಳನ್ನು ಎಸೆದೆ. ಮುಖವಾಡ ಒಂದೇ ಮನೆತನದಲ್ಲಿ ಏಕಿರಬೇಕು? ಹೆಂಗಸರಿಗೆ ಇಷ್ಟು ಕಾಲ ಏಕೆ ನಿರಾಕರಿಸಿದರು? ಇದನ್ನು ಮುರಿಯಲು ನೀನು ಯಾವ ವಾದ ಮಂಡಿಸಿದೆ?

"ವಾದ ಮಾಡಲಿಲ್ಲ ಕಣೇ ಶಾಲೂ. ಒಂಬತ್ತು ವರ್ಷ ಮೂಲೇಲಿ ಕೂತು ತಾಳ ಹಾಕಿದೆ. ಮುಖವಾಡ ಹಾಕಿ ಕುಣೀತಿದ್ದ ಮೊರಿ ಅಜ್ಜನಿಗೆ ಮಂಡಿ ಬಗ್ಗೋದು ನಿಂತುಹೋಯ್ತು. ಒಂದಿನ ಮುಖವಾಡದ ಪೆಟ್ಟಿಗೆ ತಂದು ನನ್ನ ಮುಂದೆ ಇಟ್ಟರು. ಅಷ್ಟೇ."

ಅಷ್ಟೇ! ನಾನು ನಮ್ಮ ಕನ್ನಡ ಕೂಟದ ನಿಯಮಾವಳಿಯನ್ನು ಮೂರು ಬಾರಿ ತಿದ್ದಿಸಿದ್ದೇನೆ. ಪಾತ್ರಗಳಿಗೆ ಆಯ್ಕೆ ಪರೀಕ್ಷೆ, ಪದಾಧಿಕಾರಿಗಳ ಮಕ್ಕಳಿಗೆ ವಿಶೇಷ ಅವಕಾಶ ರದ್ದು, ಭಾಷಣಕ್ಕೆ ಐದು ನಿಮಿಷದ ಮಿತಿ, ಇವೆಲ್ಲ ನನ್ನ ಹೋರಾಟದ ಫಲಗಳು. ಆದರೂ ಹದಿನಾಲ್ಕು ಪಾತ್ರಗಳ ಒಂದು ಪೌರಾಣಿಕ ನಾಟಕಕ್ಕೆ ನಮ್ಮ ಬೇಸ್‌ಮೆಂಟಿನಲ್ಲಿ ಶನಿವಾರ ಐದು ಜನ ಸೇರಿದರೆ ಹೆಚ್ಚು. "ಆಂಟಿ, ಐ ಹ್ಯಾವ್ ಸಾಕರ್" ಎನ್ನುವ ಮಕ್ಕಳು, ಮಾರಿಸ್‌ಟೌನಿನಿಂದ ಡ್ರೈವ್ ಮಾಡಲು ಟ್ರಾಫಿಕ್ ಎನ್ನುವ ದೊಡ್ಡವರು. ಸಾವಿರಾರು ಕನ್ನಡಿಗರ ನಡುವೆ ನನಗೆ ದೊರೆಯದಿದ್ದುದು, ಮುನ್ನೂರು ಜನರ ಊರಿನಲ್ಲಿ, ಬಾಯಿ ತೆರೆಯದೆ ಕುಳಿತವಳ ಮುಂದೆ ಪೆಟ್ಟಿಗೆಯಾಗಿ ಬಂದು ಕುಳಿತಿತ್ತು. ಅಸೂಯೆ ಎಂಬ ಪದವನ್ನು ನಾನು ಇಲ್ಲಿ ಅಲಂಕಾರಕ್ಕೆ ಬಳಸುತ್ತಿಲ್ಲ. ಹತ್ತುವಾಗ ಎದೆ ಉರಿದದ್ದಕ್ಕೆ ಬೆಟ್ಟವೊಂದೇ ಕಾರಣವಾಗಿರಲಿಲ್ಲ.

"ನಾಳೆದು ಪರೀಕ್ಷೆ," ಎಂದಳು ವಸು ಇಳಿಯುತ್ತ. "ಕುಣಿತ ಆದಮೇಲೆ ಹಿರಿಯರು ಕೂತು ತೀರ್ಮಾನ ಮಾಡ್ತಾರೆ, ಮುಖವಾಡ ನನ್ನ ಹತ್ರ ಇರಬೇಕಾ, ವಾಪಸ್ ಹೋಗಬೇಕಾ ಅಂತ. ಹೋದರೆ ಇನ್ನೊಂದು ಸಲ ಬರಲ್ಲ. ಮತ್ತೆ, ಮುಖವಾಡ ಹಾಕಿದ ಮೇಲೆ ನನ್ನನ್ನ ಮಾತಾಡಿಸಬೇಡ, ಆಯ್ತಾ?"

ಆಯಿತು ಎಂದೆ. ಕಲಾವಿದೆಯ ಏಕಾಗ್ರತೆಗೆ ಭಂಗ ಬಾರದಿರಲೆಂಬ ಮಾತು ಎಂದು ತಿಳಿದೆ.

ಇಲ್ಲಿ ನಮ್ಮ ಕೂಟದ ಒಂದು ಪದ್ಧತಿಯನ್ನು ವಿವರಿಸಬೇಕು. ನಮ್ಮಲ್ಲಿ ಊಟದ ಕೌಂಟರ್ ತೆರೆದೊಡನೆ ಸಭಾಂಗಣ ಬರಿದಾಗುತ್ತದೆ. ಕಡೆಯಲ್ಲಿ ಸನ್ಮಾನವಿಟ್ಟುಕೊಂಡರೆ ಕಲಾವಿದರು ಖಾಲಿ ಕುರ್ಚಿಗಳಿಗೆ ಕೈಮುಗಿಯಬೇಕು. ಈ ಅನ್ಯಾಯವನ್ನು ತಡೆಯಲು ನಾನೇ ಒಂದು ನಿಯಮ ತಂದೆ. ಪ್ರದರ್ಶನದ ನಡುವೆಯೇ, ವೇಷ ಕಳಚುವ ಮೊದಲೇ, ತುಂಬಿದ ಸಭೆಯ ಮುಂದೆ ಶಾಲು ಹೊದಿಸಿ ಪೇಟ ತೊಡಿಸಬೇಕು. ಭೀಮನಿಗೂ ದುರ್ಯೋಧನನಿಗೂ ಗದಾಯುದ್ಧದ ಮಧ್ಯದಲ್ಲಿ ಹೀಗೆ ಸನ್ಮಾನವಾಗಿದೆ. ಯಾರೂ ಆಕ್ಷೇಪಿಸಿಲ್ಲ. ಜಪಾನಿಗೂ ಒಂದು ಶಾಲನ್ನೂ ಮೈಸೂರು ಪೇಟವನ್ನೂ ಒಯ್ದಿದ್ದೆ. ಮೊರಿ ಅಜ್ಜನಿಗೆಂದು.

ಮರುದಿನ ನಡುಹಗಲು. ಗುಡಿಯ ಅಂಗಳದಲ್ಲಿ ಮರದ ಜಗಲಿಯಂಥ ರಂಗ, ಸುತ್ತ ಚಾಪೆಗಳ ಮೇಲೆ ಊರೆಲ್ಲ. ಮೊರಿ ಅಜ್ಜ ದೊಡ್ಡ ಡೋಲಿನ ಮುಂದೆ ಕುಳಿತಿದ್ದರು. ಬೆಟ್ಟದಮ್ಮ ಹೊರಬಂದಳು. ಬಿಳಿಯ ಮುಖ, ಕಪ್ಪು ಕೂದಲು, ನೆಲಕ್ಕೆ ತಾಗುವಷ್ಟು ಬಗ್ಗಿದ ಮಂಡಿ. ಅವಳು ಒಂದು ಹೆಜ್ಜೆ ಇಡಲು ತೆಗೆದುಕೊಂಡ ಹೊತ್ತಿನಲ್ಲಿ ನಮ್ಮ ರಂಗದ ಮೇಲೆ ಒಂದು ಕಂದಪದ್ಯ ಮುಗಿಯುತ್ತದೆ. ಪಕ್ಕದ ಮುದುಕಿಯೊಬ್ಬಳು ಕೈಮುಗಿದು ಅಳುತ್ತಿದ್ದಳು. ಯಾರೂ ಫೋನ್ ಎತ್ತಿರಲಿಲ್ಲ.

ಎರಡನೆಯ ಭಾಗ ಮುಗಿದು ದೇವಿ ಒಂದು ಪೀಠದ ಮೇಲೆ ಕುಳಿತಳು. ಡೋಲು ನಿಧಾನವಾಯಿತು. ಇದು ವಿರಾಮವೆಂದು ನಾನು ನಿರ್ಣಯಿಸಿದೆ. ಚೀಲದಿಂದ ಶಾಲು, ಪೇಟ ತೆಗೆದು ಮೆಟ್ಟಿಲು ಹತ್ತಿದೆ. ಮೊರಿ ಅಜ್ಜನ ಕಡೆ ಹೋಗಬೇಕಾದವಳು ದೇವಿಯ ಕಡೆ ತಿರುಗಿದೆ. ಸಭೆಗೆ ಇಂಗ್ಲಿಷಿನಲ್ಲಿ, ಸ್ಪಷ್ಟವಾಗಿ, ಇವಳು ನಮ್ಮ ಮೈಸೂರಿನ ಹುಡುಗಿ, ನನ್ನ ಗೆಳತಿ ಎಂದು ಘೋಷಿಸಿ ಶಾಲು ಹೊದಿಸಿದೆ. ಪೇಟ ಆ ಕೂದಲಿನ ಮೇಲೆ ಕೂರಲಿಲ್ಲ, ಸ್ವಲ್ಪ ಒತ್ತಿದೆ.

ಡೋಲು ನಿಂತಿತು.

ಚಪ್ಪಾಳೆ ಬರಲಿಲ್ಲ. ಯಾರೂ ಗದರಲೂ ಇಲ್ಲ.

"ವಸೂ, ಏನಾಯ್ತೇ?" ಎಂದು ಪಿಸುಗುಟ್ಟಿದೆ.

ಮುಖವಾಡದ ರಂಧ್ರಗಳ ಹಿಂದೆ ಅವಳ ಕಣ್ಣು ಕಾಣುತ್ತಿತ್ತು. ಆ ಕಣಿವೆಯಲ್ಲಿ ನನ್ನ ಭಾಷೆ ಬಲ್ಲವಳು ಒಬ್ಬಳೇ, ಅವಳು ಆ ಹೊತ್ತಿಗೆ ಮನುಷ್ಯಳಾಗಿರಲಿಲ್ಲ. ಕೂರದ ಪೇಟವನ್ನು ಮತ್ತೆ ಕೈಗೆ ತೆಗೆದುಕೊಂಡೆ.

ಮೊರಿ ಅಜ್ಜ ಎದ್ದು ಬಂದರು. ನನ್ನ ಕೈಯ ಪೇಟವನ್ನು ಎರಡೂ ಕೈಗಳಿಂದ ತೆಗೆದುಕೊಂಡು ಹಣೆಗೆ ಮುಟ್ಟಿಸಿಕೊಂಡರು. ದೇವಿಯ ಹೆಗಲಿನಿಂದ ಶಾಲನ್ನು ತೆಗೆದು ಮಡಚಿ, ಎರಡನ್ನೂ ದೇವರ ಮುಂದೆ ನೈವೇದ್ಯಕ್ಕಿಟ್ಟ ಮೂಲಂಗಿಗೂ ಅಕ್ಕಿಮದ್ಯಕ್ಕೂ ನಡುವೆ ಇಟ್ಟರು. ನನ್ನ ತೋಳಿನ ಅಂಚು ಹಿಡಿದು ಕೆಳಗಿಳಿಸಿ ಚಾಪೆಯ ಮೇಲೆ ಕೂರಿಸಿದರು. ಇಬ್ಬರು ಗಂಡಸರು ದೇವಿಯನ್ನು ಒಳಗೆ ಕರೆದೊಯ್ದರು.

ಕುಣಿತ ಕೆಟ್ಟಿತೆಂದೂ, ಮುಖವಾಡವನ್ನು ಶುದ್ಧಿ ಮಾಡಿ ಮೊದಲಿನಿಂದ ಆರಂಭಿಸಬೇಕೆಂದೂ, ಅದನ್ನು ವಸುಧಾಳೇ ಧರಿಸಬೇಕೇ ಬೇರೆ ಯಾರಾದರೂ ಧರಿಸಬೇಕೇ ಎಂದು ಒಳಗೆ ಮಾತು ನಡೆದಿದೆಯೆಂದೂ ಪಕ್ಕದಲ್ಲಿದ್ದ ಶಾಲಾಮಾಸ್ತರರು ಮುರುಕು ಇಂಗ್ಲಿಷಿನಲ್ಲಿ ತಿಳಿಸಿದರು. ಇಪ್ಪತ್ತು ನಿಮಿಷ. ಆ ಇಪ್ಪತ್ತು ನಿಮಿಷದ ಬಗೆಗೆ ನಾನು ಸತ್ಯ ಬರೆಯದಿದ್ದರೆ ಈ ಲೇಖನಕ್ಕೆ ಅರ್ಥವಿಲ್ಲ. ನನಗೆ ನಿಯಮ ತಿಳಿದಿರಲಿಲ್ಲವೆಂದು ವಾದಿಸಬಲ್ಲೆ. ಆ ವಾದ ಗೆಲ್ಲುತ್ತದೆ. ಆದರೆ ಪೇಟವನ್ನು ಮೊರಿ ಅಜ್ಜನಿಗೆ ಕೊಡದೆ ಗೆಳತಿಗೆ ತೊಡಿಸಲು ಹೋದದ್ದು ಏಕೆ? ಸನ್ಮಾನ ಮಾಡುವವರು ನಿಂತಿರುತ್ತಾರೆ, ಪಡೆಯುವವರು ಕುಳಿತಿರುತ್ತಾರೆ. ಊರೆಲ್ಲ ಕೈಮುಗಿಯುತ್ತಿದ್ದ ಅವಳ ಮುಂದೆ ಒಂದು ಕ್ಷಣವಾದರೂ ಕೊಡುವವಳಾಗಿ ನಿಂತಿರಬೇಕೆಂಬುದು ನನ್ನ ಆಸೆಯಾಗಿತ್ತು. ಇನ್ನೂ ಕೀಳಾದುದು ಇದು: ಬಾಗಿಲ ಪರದೆ ಅಲುಗಿದಾಗ, ಬೇರೆ ಯಾರಾದರೂ ಹೊರಬರಲಿ ಎಂದು ನನ್ನೊಳಗಿನ ಒಂದು ಪಾಲು ಹಾರೈಸಿತು.

ದೇವಿ ಹೊರಬಂದಳು. ಮಂಡಿ ನೆಲದವರೆಗೆ ಬಗ್ಗಿತು. ವಸುಧಾಳೇ. ಒಂದು ಗಂಟೆಗೂ ಮೀರಿದ ಕುಣಿತವನ್ನು ಅವಳು ಮೊದಲ ಹೆಜ್ಜೆಯಿಂದ ಮತ್ತೆ ಕುಣಿದಳು.

ಸಂಜೆ ಅವಳು ಕಾಲನ್ನು ಬಿಸಿನೀರಿನಲ್ಲಿ ಇಳಿಬಿಟ್ಟು ಕುಳಿತಿದ್ದಳು.

"ಮಾತಾಡಿಸಬೇಡ ಅಂದಿದ್ದೆ ತಾನೇ?"

"ಮೊದಲು ಮಾತಾಡಿಸಲಿಲ್ಲ. ಸನ್ಮಾನ ಮಾಡಿದೆ."

"ಇಲ್ಲೂ ಪಾಯಿಂಟ್ ಹಾಕ್ತೀಯಲ್ಲೇ!" ಎಂದು ಟವೆಲನ್ನು ನನ್ನ ಮೇಲೆಸೆದಳು. ಆಮೇಲೆ ನಗಲಿಲ್ಲ. "ಹಿರಿಯರು ಈಗ ಏನೂ ಹೇಳಲ್ಲವಂತೆ. ಚಳಿಗಾಲ ಕಳೀಲಿ ಅಂದರು. ನಾಳೆ ತಂಡದ ಎಲ್ಲಾ ಮನೆಗೂ ಹೋಗಿ ಕ್ಷಮೆ ಕೇಳಬೇಕು."

"ನಾನು ತಾನೇ ತಪ್ಪು ಮಾಡಿದ್ದು? ನಾನೊಬ್ಬಳೇ ಹೋಗ್ತೀನಿ."

"ನೀನು ಯಾರ ಮನೆಗೆ ಬಂದಿರೋದು? ನಿನ್ನ ತಪ್ಪು ಇಲ್ಲಿ ನನ್ನದೇ ಕಣೇ. ನೀನು ಬರೀ ಜೊತೆಗೆ ಬಗ್ಗು. ಮಾತು ಬೇಡ. ದಮ್ಮಯ್ಯ, ಮಾತು ಮಾತ್ರ ಬೇಡ."

ವೈಯಕ್ತಿಕ ಹೊಣೆಗಾರಿಕೆಯ ಕುರಿತು ಒಂದು ಪೂರ್ವಪಕ್ಷ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ.

ಹದಿನೇಳು ಮನೆ. ಪ್ರತಿ ಹೊಸ್ತಿಲಲ್ಲಿ ಅವಳು ಸಿಹಿಯ ಪೊಟ್ಟಣವನ್ನು ಎರಡು ಕೈಗಳಲ್ಲಿ ನೀಡಿ ಸೊಂಟದವರೆಗೆ ಬಾಗುವಳು, ಪಕ್ಕದಲ್ಲಿ ನಾನೂ. ಕೆಲವರು ಪೊಟ್ಟಣ ಸ್ವೀಕರಿಸಿ ಬಾಗಿಲು ಹಾಕಿಕೊಂಡರು. ಒಬ್ಬರು ಬಾಗಿಲನ್ನು ಅರ್ಧ ಮಾತ್ರ ತೆರೆದರು. ಗುಡಿಯಲ್ಲಿ ಅತ್ತಿದ್ದ ಮುದುಕಿ ಮಾತ್ರ ಏನೋ ಹೇಳಿ ಬಾಯಿ ಮುಚ್ಚಿಕೊಂಡು ನಕ್ಕಳು.

"ಏನಂತೆ?"

"ಮೊದಲನೇ ಸಲ ನಾನು ಕೊರಡಿನ ಹಾಗೆ ಕುಣೀತಿದ್ದೆನಂತೆ. ಎರಡನೇ ಸಲ ಸಿಟ್ಟು ಬಂದಿತ್ತಲ್ಲ, ಚೆನ್ನಾಗಿತ್ತಂತೆ."

ಎಂಟನೆಯ ಮನೆಯ ಹೊತ್ತಿಗೆ ನನ್ನ ಹೊಟ್ಟೆಕಿಚ್ಚು ಸ್ಥಳ ಬದಲಿಸಿತು. ಕುಣಿತದ ಮೇಲಿದ್ದುದು ಈ ಬಾಗುವಿಕೆಯ ಮೇಲೆ ಬಂದು ಕುಳಿತಿತು. ನಾನು ಮನ್ರೋದಲ್ಲಿ ತಪ್ಪು ಮಾಡಿದರೆ ಹೌಸಿಂಗ್ ಅಸೋಸಿಯೇಶನ್ನಿನಿಂದ ಸಹಿಯಿಲ್ಲದ ಒಂದು ಈಮೇಲ್ ಬರುತ್ತದೆ. ಮೈಸೂರಿನಲ್ಲಿ ತಪ್ಪು ಮಾಡಿದರೆ, "ಪಾಪ, ಅಮೆರಿಕದವಳು, ಅವಳಿಗೇನು ಗೊತ್ತು" ಎಂದು ನೆಂಟರು ಕ್ಷಮಿಸಿಬಿಡುತ್ತಾರೆ. ಆ ಕ್ಷಮೆಯಷ್ಟು ದೂರ ತಳ್ಳುವ ಮಾತು ಬೇರೊಂದಿಲ್ಲ. ನನ್ನ ತಪ್ಪಿಗಾಗಿ ಹದಿನೇಳು ಹೊಸ್ತಿಲು ತುಳಿಯಬೇಕಾದಷ್ಟು ನನ್ನನ್ನು ತನ್ನವಳೆಂದುಕೊಂಡ ಊರು ಯಾವುದು? ವಸುಧಾಳಿಗೆ ಒಂದು ಊರಿತ್ತು. ನಾನು ಅದನ್ನೇ ಅಲುಗಿಸಿ ಬಂದಿದ್ದೆ.

ಚಳಿಗಾಲವಿಡೀ ಅವಳಿಂದ ಸುದ್ದಿಯಿಲ್ಲ. ನಾನು ನಮ್ಮ ನಾಟಕದ ಕೆಲಸಕ್ಕೆ ಮರಳಿದೆ. ಪ್ರದರ್ಶನದ ನಡುವೆ ಸನ್ಮಾನ ಮಾಡುವ ನಿಯಮವನ್ನು ಹಿಂತೆಗೆದುಕೊಳ್ಳಬೇಕೆಂದು ಸಮಿತಿಯಲ್ಲಿ ಸೂಚಿಸಿದಾಗ, "ನೀವೇ ತಾನೇ ಮೇಡಂ ತಂದಿದ್ದು?" ಎಂದು ಎಲ್ಲರೂ ನಕ್ಕರು. ಒಪ್ಪಿದರು. ಯುಗಾದಿ ಕಾರ್ಯಕ್ರಮದಲ್ಲಿ ನಾಟಕ ಎಂದು ನಿಶ್ಚಯವಾಯಿತು. ನಾನೇ ಮನೆಮನೆಗೆ ಫೋನ್ ಮಾಡಿ ಹದಿನಾಲ್ಕು ಜನರಿಂದ ಮಾತು ತೆಗೆದುಕೊಂಡೆ. ಈ ಸಲ ವಾದಿಸಲಿಲ್ಲ, ಕೇಳಿಕೊಂಡೆ. ಹನ್ನೊಂದು ಜನ ಅಭ್ಯಾಸಕ್ಕೆ ಬರತೊಡಗಿದರು.

ಮಾರ್ಚ್ ಮೊದಲ ವಾರ, ಪಿಸ್ಕಾಟವೇಯ ಕಚೇರಿಯ ಪಾರ್ಕಿಂಗ್ ಲಾಟಿನಲ್ಲಿ ಕಾರಿನ ಗಾಜಿನ ಮೇಲಿನ ಹಿಮ ಕೆರೆಯುತ್ತಿದ್ದಾಗ ಅವಳ ಕರೆ ಬಂತು.

"ಶಾಲೂ, ಮುಖವಾಡ ನನ್ನ ಹತ್ರಾನೇ ಇರತ್ತೆ ಕಣೇ!"

ನನ್ನ ಕಣ್ಣು ತುಂಬಿತು. ಸಂತೋಷವೇ ಹೆಚ್ಚಿತ್ತು ಎಂದು ಪ್ರಮಾಣ ಮಾಡಬಲ್ಲೆ. ಪೂರ್ತಿ ಸಂತೋಷವೇ ಎಂದರೆ ಮಾಡಲಾರೆ.

"ಹಿರಿಯರು ಹೇಳಿದರಾ?"

"ಇಲ್ಲಿ ಯಾರು ಬಾಯಿ ಬಿಟ್ಟು ಹೇಳ್ತಾರೆ? ಪ್ರತಿ ವಸಂತದಲ್ಲಿ ಮೇಲಿನ ಗುಡಿ ದಾರಿ ಸವರ್ತಾರೆ. ಬಿದ್ದ ಮರ, ಕಲ್ಲು, ಎಲ್ಲಾ ತೆಗೀಬೇಕು. ತಂಡದ ಮನೆತನಗಳು ಮಾತ್ರ ಆ ಕೆಲಸ ಮಾಡೋದು. ಈ ಸಲದ ಪಟ್ಟೀಲಿ ನನ್ನ ಮನೆ ಹೆಸರೂ ಇದೆ. ಮನೆಗೆ ಇಬ್ಬರು ಬರಬೇಕಂತೆ. ನಾನು ಒಬ್ಬಳೇ ಅಲ್ವಾ ಅಂದೆ. ಮೊರಿ ಅಜ್ಜ ಏನಂದರು ಗೊತ್ತಾ? 'ಆವತ್ತು ನಿನ್ನ ಜೊತೆ ಬಗ್ಗಿದಳಲ್ಲ, ಅವಳು ಇನ್ನೊಬ್ಬಳು.' ಬರ್ತೀಯೇನೇ?"

"ಬರೆಸು ನನ್ನ ಹೆಸರು," ಎಂದೆ. ದಿನಾಂಕ ಕೇಳಿದ್ದು ಆಮೇಲೆ.

ಅದು ನಮ್ಮ ನಾಟಕದ ಶನಿವಾರ. ಬರುವುದಿಲ್ಲ ಎಂದು ಅವಳಿಗೆ ಬರೆಯಲು ಎರಡು ಸಲ ಕುಳಿತೆ. ಬೇರೆ ಯಾರಾದರೂ ನಡೆಸಿಕೊಡಿ ಎಂದು ಇಲ್ಲಿಯವರಿಗೆ ಬರೆಯಲು ಒಂದು ಸಲ. ಮೂರೂ ಕಳಿಸಲಿಲ್ಲ. ಈಗ ಇದನ್ನು ಬರೆಯುತ್ತಿರುವಾಗ ಆ ಶನಿವಾರಕ್ಕೆ ಹನ್ನೆರಡು ದಿನ ಉಳಿದಿದೆ. ಕೆಳಗೆ ಬೇಸ್‌ಮೆಂಟಿನಲ್ಲಿ ಹದಿಮೂರು ಜನ ಬಂದು ಕುಳಿತು, ಆರಂಭಿಸಲು ನನ್ನ ಹೆಸರು ಹಿಡಿದು ಗಟ್ಟಿಯಾಗಿ ಕೂಗುತ್ತಿದ್ದಾರೆ.